ರಕ್ತ ತೆಳುವಾಗಿಸುವ ಗುಳಿಗೆ ನಡೆದಿರುವಾಗ ವಿಟಮಿನ್ ತಗೊಳ್ಳೋದು ಹೇಗೆ?

ರಾತ್ರಿ ಎಲ್ಲರೂ ಮಲಗಿದ ಮೇಲೆ ನಮ್ಮವ್ವನ ಹತ್ತಿರ ಕೂತರೆ ಟಿಕ್ ಟಿಕ್ ಅಂತ ಸಣ್ಣ ಸದ್ದು ಕೇಳುತ್ತದೆ. ಅದು ಗಡಿಯಾರದ್ದಲ್ಲ, ಅವಳ ಎದೆಯೊಳಗಿನ ಲೋಹದ ವಾಲ್ವಿನದು. ಹುಬ್ಬಳ್ಳಿಯಲ್ಲಿ ಅದನ್ನು ಹಾಕಿಸಿ ಒಂಬತ್ತು ವರ್ಷ ಆಯಿತು. ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ಅವತ್ತಿನಿಂದ ದಿನಾ ಸಂಜೆ ಒಂದು ಗುಳಿಗೆ ನಡೆದಿದೆ.

ಆ ಗುಳಿಗೆ ನಮ್ಮನ್ನು ಅಷ್ಟು ಕಾಡಲಿಲ್ಲ. ಕಾಡಿದ್ದು ಕ್ಯಾಲ್ಸಿಯಂ. ಮೂರು ವರ್ಷದ ಹಿಂದೆ ಮೊಣಕಾಲು ನೋವು ಅಂತ ಒಬ್ಬ ಎಲುಬಿನ ಡಾಕ್ಟರಿಗೆ ತೋರಿಸಿದೆವು. ಸಂಜೆ ಗುಳಿಗೆಯ ಮಾತು ನಾವೂ ಎತ್ತಲಿಲ್ಲ, ಅವರೂ ಕೇಳಲಿಲ್ಲ. ಕ್ಯಾಲ್ಸಿಯಂ ಬರೆದರು, ತಂದೆವು. ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಅಂತ ತೋರಿಸುವ ಅಂಕಿ; ಇಳಿದರೆ ಹೆಪ್ಪಿನ ಭಯ, ಏರಿದರೆ ರಕ್ತಸ್ರಾವದ ಭಯ. ಮುಂದಿನ ತಿಂಗಳು ನೋಡಿದರೆ 2.8 ಇದ್ದ ಅದು 1.7ಕ್ಕೆ ಇಳಿದಿತ್ತು. ಹೃದಯದ ಡಾಕ್ಟರು ಸಂಜೆಯ ಗುಳಿಗೆ ಜಾಸ್ತಿ ಮಾಡಿದರು. ಅಷ್ಟರಲ್ಲಿ ಕ್ಯಾಲ್ಸಿಯಂ ಮುಗಿಯಿತು. "ಕಾಲು ಈಗ ಅಡ್ಡಿ ಇಲ್ಲ ಬಿಡವಾ" ಅಂತ ಅವ್ವ ಮತ್ತೆ ತರಿಸಲಿಲ್ಲ. ಹತ್ತು ದಿನ ಕಳೆದಿರಬೇಕು, ಬೆಳಿಗ್ಗೆ ಹಲ್ಲು ತಿಕ್ಕುವಾಗ ಉಗುಳೆಲ್ಲ ಕೆಂಪು. ಓಡಿಹೋಗಿ ಪರೀಕ್ಷೆ ಮಾಡಿಸಿದರೆ ಐಎನ್‌ಆರ್ 5.1.

ಖಾಲಿ ಸ್ಟ್ರಿಪ್ಪಿನ ಹಿಂಬದಿ ಓದಿದ್ದು ಆಗಲೇ. ಕ್ಯಾಲ್ಸಿಯಂ, ವಿಟಮಿನ್ ಡಿ3, ಅದರ ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ವಿಟಮಿನ್ ಕೆ2-7. ಶುರು ಮಾಡಿದಾಗ ಐಎನ್‌ಆರ್ ಇಳಿಸಿದ್ದೂ ಅದೇ, ನಿಲ್ಲಿಸಿದಾಗ ಏರಿಸಿದ್ದೂ ಅದೇ. ಆಮೇಲೆ ನಮ್ಮ ಮನೆಯಲ್ಲಿ ರೂಢಿಯಾದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಗುಳಿಗೆಯ ಪ್ರಮಾಣ ಹೆಚ್ಚು ಕಡಿಮೆ ಮಾಡುವುದು ಡಾಕ್ಟರ ಕೆಲಸ, ಅದಕ್ಕೆ ನಾವು ಕೈ ಹಾಕಬಾರದು. ಅವರಿಗೆ ಸರಿಯಾದ ಸುದ್ದಿ ಮುಟ್ಟಿಸುವುದು ನಮ್ಮ ಕೆಲಸ.

ಹಂತ 1: ನಿಮ್ಮದು ಯಾವ ಜಾತಿಯ ಗುಳಿಗೆ?

"ರಕ್ತ ತೆಳು ಮಾಡೋ ಗುಳಿಗಿ" ಅಂತ ಒಂದೇ ಹೆಸರಿನಲ್ಲಿ ಕರೆದರೂ ಇದರಲ್ಲಿ ಮೂರು ಜಾತಿ ಇವೆ. ರಕ್ತ ನೀರಿನ ಹಾಗೆ ತೆಳುವಾಗುತ್ತದೆ ಅನ್ನುವುದೂ ನಿಜವಲ್ಲ. ಹೆಪ್ಪುಗಟ್ಟುವುದು ತಡವಾಗುತ್ತದೆ, ಅಷ್ಟೇ.

ಮೊದಲನೆಯದು ವಾರ್ಫರಿನ್ ಮತ್ತು ಅಸಿನೋಕೂಮರಾಲ್. ಲೋಹದ ವಾಲ್ವ್ ಇದ್ದವರಿಗೆ ಕೊಡುವುದು ಇವನ್ನೇ. ನಮ್ಮ ಲಿವರ್ ವಿಟಮಿನ್ ಕೆ ಬಳಸಿಕೊಂಡು ರಕ್ತ ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನ್ ತಯಾರಿಸುತ್ತದೆ. ಈ ಗುಳಿಗೆ ಆ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಅಂದರೆ ಗುಳಿಗೆಗೂ ವಿಟಮಿನ್ ಕೆಗೂ ದಿನಾ ಹಗ್ಗಜಗ್ಗಾಟ. ಎರಡೂ ಕಡೆ ಎಳೆತ ಸಮ ಇರುವ ಹಾಗೆ ಡಾಕ್ಟರು ಪ್ರಮಾಣ ಕೂಡಿಸಿರುತ್ತಾರೆ. ಅದು ಸರಿ ಇದೆಯೋ ಇಲ್ಲವೋ ಅಂತ ನೋಡುವ ಪರೀಕ್ಷೆಯೇ ಪಿಟಿ ಐಎನ್‌ಆರ್. ಗುಳಿಗೆ ತಗೊಳ್ಳದವರಿಗೆ ಅದು 1ರ ಆಸುಪಾಸು ಇರುತ್ತದೆ. ತಗೊಳ್ಳುವವರಲ್ಲಿ ಬಹಳ ಜನಕ್ಕೆ 2ರಿಂದ 3ರ ನಡುವೆ ಇರಬೇಕು. ಅವ್ವನ ಹಾಗೆ ಮೈಟ್ರಲ್ ಜಾಗದಲ್ಲಿ, ಅಂದರೆ ಹೃದಯದ ಎಡಗಡೆಯ ಮೇಲಿನ ಕೆಳಗಿನ ಕೋಣೆಗಳ ನಡುವೆ, ಲೋಹದ ವಾಲ್ವ್ ಇದ್ದವರಿಗೆ ಸಾಮಾನ್ಯವಾಗಿ 2.5ರಿಂದ 3.5.

ಎರಡನೆಯದು ಡಾಬಿಗಾಟ್ರಾನ್, ರಿವರೋಕ್ಸಾಬಾನ್, ಅಪಿಕ್ಸಾಬಾನ್. ಇವು ಹೊಸವು. ವಿಟಮಿನ್ ಕೆ ಜೊತೆ ಇವಕ್ಕೆ ಜಗಳವಿಲ್ಲ, ತಿಂಗಳ ಐಎನ್‌ಆರ್ ಕೂಡ ಬೇಡ. "ಹಂಗಾದ್ರ ನಮ್ಮವ್ವಗೂ ಅದನ್ನೇ ಬದಲಿ ಮಾಡಿಸೋಣ" ಅಂತ ನಾನೂ ಕೇಳಿದ್ದೆ. ಲೋಹದ ವಾಲ್ವ್ ಇದ್ದವರಿಗೆ ಇವು ನಡೆಯುವುದಿಲ್ಲ.

ಮೂರನೆಯದು ಆಸ್ಪಿರಿನ್, ಕ್ಲೊಪಿಡೋಗ್ರೆಲ್. ಸ್ಟೆಂಟ್ ಹಾಕಿಸಿಕೊಂಡವರಿಗೆ ಇವು ಗೊತ್ತು. ಇವು ಕೆಲಸ ಮಾಡುವುದು ಪ್ಲೇಟ್‌ಲೆಟ್ ಮೇಲೆ, ಅಂದರೆ ಒಂದಕ್ಕೊಂದು ಅಂಟಿ ಹೆಪ್ಪು ಕಟ್ಟುವ ರಕ್ತದ ಸಣ್ಣ ಕಣಗಳ ಮೇಲೆ, ಇಲ್ಲಿಯೂ ವಿಟಮಿನ್ ಕೆ ಲೆಕ್ಕಕ್ಕಿಲ್ಲ. ಆದರೆ ರಕ್ತಸ್ರಾವ ಹೆಚ್ಚಿಸುವ ವಸ್ತುಗಳ ಲೆಕ್ಕ ಮೂರೂ ಜಾತಿಗೆ ಇದೆ. ಕೆಲವರಿಗೆ ಎರಡು ಜಾತಿ ಒಟ್ಟಿಗೆ ನಡೆದಿರುತ್ತವೆ, ಅವರು ಇನ್ನೂ ಹುಷಾರಾಗಿರಬೇಕು.

ನಿಮ್ಮದು ಯಾವುದು ಅಂತ ಗೊತ್ತಿಲ್ಲದಿದ್ದರೆ ಸ್ಟ್ರಿಪ್ ಹಿಡಿದು ಔಷಧ ಅಂಗಡಿಯಲ್ಲಿ ಕೇಳಿ. ಮುಂದಿನದ್ದೆಲ್ಲ ಅದರ ಮೇಲೆ ನಿಂತಿದೆ.

ಹಂತ 2: ಮನೆಯಲ್ಲಿರುವುದನ್ನೆಲ್ಲ ಹೊರಗೆ ತೆಗೆಯಿರಿ

ಒಂದು ಟವೆಲ್ ಹಾಸಿ ಎಲ್ಲವನ್ನೂ ಅದರ ಮೇಲೆ ಸುರುವಿ. ಬರೀ ಡಾಕ್ಟರು ಬರೆದದ್ದಲ್ಲ, ಎಲ್ಲವೂ. ನಮ್ಮ ಮನೆಯಲ್ಲಿ ಸಿಕ್ಕ ರಾಶಿ ನೋಡಿ: ಅರ್ಧ ಮುಗಿದ ಬಿ ಕಾಂಪ್ಲೆಕ್ಸ್, ಎರಡು ತರಹದ ಕ್ಯಾಲ್ಸಿಯಂ, ಕಬ್ಬಿಣದ ಟಾನಿಕ್, ಅರಿಶಿನದ ಕ್ಯಾಪ್ಸೂಲ್, ನುಗ್ಗೆಸೊಪ್ಪಿನ ಪುಡಿ, ಹಾಲಿಗೆ ಹಾಕುವ ಶಕ್ತಿಪುಡಿ, ಕಾಕಾನ ಮಗ ಅಮೆರಿಕದಿಂದ ತಂದುಕೊಟ್ಟ ಮಲ್ಟಿವಿಟಮಿನ್ ಡಬ್ಬಿ. ಆ ಡಬ್ಬಿಯನ್ನು ಅವ್ವ ಔಷಧ ಅಂತಲೇ ಎಣಿಸಿರಲಿಲ್ಲ. "ಅದು ಗುಳಿಗಿ ಅಲ್ಲವಾ, ತಾಕತ್ತಿಂದು" ಅಂದಳು. ಡಾಕ್ಟರು "ಬೇರೆ ಏನಾದ್ರೂ ತಗೋತೀರೇನು" ಅಂತ ಕೇಳಿದಾಗಲೆಲ್ಲ ಅವಳು "ಇಲ್ರೀ" ಅನ್ನುತ್ತಿದ್ದದ್ದು ಇದೇ ಲೆಕ್ಕದ ಮೇಲೆ.

ಹೊರಗೆ ತೆಗೆದಿರಿ ಅಂತ ಯಾವುದನ್ನೂ ಅವತ್ತೇ ಎಸೆಯಬೇಡಿ. ವಾರ್ಫರಿನ್ ಜಾತಿಯವರಿಗೆ ಇದು ಬಹಳ ಮುಖ್ಯ. ವಿಟಮಿನ್ ಕೆ ಇರುವ ಮಲ್ಟಿವಿಟಮಿನ್ ಒಂದು ವರ್ಷದಿಂದ ದಿನಾ ನಡೆದಿದೆ, ಐಎನ್‌ಆರ್ ಸರಿಯಾಗಿದೆ ಅಂತಿಟ್ಟುಕೊಳ್ಳಿ. ಡಾಕ್ಟರು ಗುಳಿಗೆ ಕೂಡಿಸಿದ್ದು ಆ ಕೆಯನ್ನೂ ಸೇರಿಸಿಯೇ. ಇವತ್ತು ಗಾಬರಿಯಾಗಿ ಅದನ್ನು ಬಿಟ್ಟರೆ ಹಗ್ಗದ ಆ ಕಡೆಯವರು ಒಮ್ಮೆಲೇ ಕೈ ಬಿಟ್ಟ ಹಾಗೆ. ಐಎನ್‌ಆರ್ ಏರುತ್ತದೆ. ನಮಗೆ ಆದದ್ದು ಅದೇ ಅಲ್ವಾ? ಬಿಡುವುದಿದ್ದರೂ ಕೇಳಿ ಬಿಡಿ.

ಹಂತ 3: ಹಿಂಬದಿ ಓದಿ

ಮುಂದಿನ ಹೆಸರು ನಂಬಬೇಡಿ. ಒಂದೇ ಕಂಪನಿಯ ಸಾದಾ ಕ್ಯಾಲ್ಸಿಯಂನಲ್ಲಿ ಕೆ ಇರುವುದಿಲ್ಲ. ಅದೇ ಹೆಸರಿನ ಬಾಲಕ್ಕೆ ಪ್ಲಸ್, ಗೋಲ್ಡ್, ಮ್ಯಾಕ್ಸ್ ಅಂತ ಏನಾದರೂ ಅಂಟಿದರೆ ಒಳಗಿರುವುದೇ ಬೇರೆ ಇರಬಹುದು. ಹಿಂಬದಿಯಲ್ಲಿ ವಿಟಮಿನ್ ಕೆ, ಕೆ1, ಕೆ2, ಕೆ2-7, ಎಂಕೆ-7, ಮೆನಾಕ್ವಿನೋನ್, ಫೈಟೋಮೆನಾಡಿಯೋನ್ ಇವುಗಳಲ್ಲಿ ಯಾವುದಿದ್ದರೂ ಅದು ಕೆ. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ಹೊಡೆದು ದೊಡ್ಡದು ಮಾಡಿ ಓದಿ, ನಾನು ಮಾಡುವುದು ಹಾಗೇ.

ಇಲ್ಲೊಂದು ಪ್ರಶ್ನೆ ಏಳುತ್ತದೆ. 100 ಗ್ರಾಂ ಹಸಿ ಪಾಲಕ್‌ನಲ್ಲಿ ಸುಮಾರು 480 ಮೈಕ್ರೋಗ್ರಾಂ ಕೆ ಇರುತ್ತದೆ. ಗುಳಿಗೆಯಲ್ಲಿ 45, 90 ಅಂತ ಇರುವುದು. ಪಾಲಕ್ ತಿಂದು ಆಗದ್ದು ಈ ಚೂರು ಗುಳಿಗೆಯಿಂದ ಹೇಗಾಯಿತು? ಸೊಪ್ಪಿನಲ್ಲಿರುವುದು ಕೆ1. ಅದು ಎಲೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಹೊಟ್ಟೆ ಹೀರಿಕೊಳ್ಳುವುದು ಅದರಲ್ಲೊಂದು ಸಣ್ಣ ಪಾಲು. ಹೀರಿಕೊಂಡದ್ದೂ ರಕ್ತದಿಂದ ಬೇಗ ಖಾಲಿಯಾಗುತ್ತದೆ. ಕೆ2-7 ಹಾಗಲ್ಲ. ಚೆನ್ನಾಗಿ ಹೀರಿಕೊಳ್ಳುತ್ತದೆ, ರಕ್ತದಲ್ಲಿ ದಿನಗಟ್ಟಲೆ ಉಳಿಯುತ್ತದೆ. ದಿನಾ ನುಂಗಿದರೆ ಇವತ್ತಿನದರ ಮೇಲೆ ನಾಳಿನದು ಕೂಡುತ್ತಾ ಹೋಗುತ್ತದೆ.

ಅಂಗಡಿಯಲ್ಲಿ ಬದಲಿ ಕೊಡುವಾಗಲೂ ಕಣ್ಣು ತೆರೆದಿರಲಿ. ಒಮ್ಮೆ ನನಗೆ ಕೌಂಟರಿನ ಹುಡುಗ ಹೇಳಿದ: "ಅಕ್ಕಾರ, ಆ ಕಂಪನಿದು ಖಾಲಿ ಆಗೇತ್ರಿ. ಇದೂ ಅದೇ, ಇದರಾಗ ಇನ್ನೂ ಎರಡು ವಿಟಮಿನ್ ಜಾಸ್ತಿನೇ ಅದಾವು." ಪಾಪ, ಒಳ್ಳೇ ಮನಸ್ಸಿನಿಂದಲೇ ಹೇಳಿದ. ಆ ಜಾಸ್ತಿಯಲ್ಲಿ ಕೆ ಇತ್ತು.

ಹಂತ 4: ಒಂದೊಂದನ್ನೂ ತೂಗಿ ನೋಡಿ

ವಿಟಮಿನ್ ಕೆ ಬಗ್ಗೆ ಹೇಳಿದ್ದಾಯಿತು. ವಾರ್ಫರಿನ್, ಅಸಿನೋಕೂಮರಾಲ್ ತಗೊಳ್ಳುವವರು ಕೆ ಇಲ್ಲದ ಕ್ಯಾಲ್ಸಿಯಂ ಕೇಳಿ ತಗೊಳ್ಳಿ. ಹೊರದೇಶದ ಮಲ್ಟಿವಿಟಮಿನ್‌ಗಳಲ್ಲಿ, ಅದರಲ್ಲೂ 50 ದಾಟಿದವರಿಗೆ ಅಂತ ಮಾಡಿದವುಗಳಲ್ಲಿ, ಕೆ ಇರುವುದು ಸಾಮಾನ್ಯ. ಶಕ್ತಿಪುಡಿಗಳಲ್ಲೂ ಇರುತ್ತದೆ.

ವಿಟಮಿನ್ ಇ. ಕೂದಲಿಗೆ, ಚರ್ಮಕ್ಕೆ ಒಳ್ಳೇದು ಅಂತ ಹಸಿರು ಕ್ಯಾಪ್ಸೂಲ್ ನುಂಗುವವರು ನಮ್ಮ ಓಣಿಯಲ್ಲೇ ನಾಲ್ಕೈದು ಜನ ಇದ್ದಾರೆ. 400 ಮಿಲಿಗ್ರಾಂ ಅಂದರೆ ಅದು ಚಿಕ್ಕದಲ್ಲ. ದೊಡ್ಡ ಪ್ರಮಾಣದ ಇ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಮೂರೂ ಜಾತಿಯ ಗುಳಿಗೆಯವರು ಕೇಳದೆ ತಗೊಳ್ಳಬೇಡಿ. ಮಲ್ಟಿವಿಟಮಿನ್‌ನಲ್ಲಿ ಇರುವಷ್ಟು ಇ ತೊಂದರೆ ಮಾಡುವುದಿಲ್ಲ.

ವಿಟಮಿನ್ ಡಿ. ರಕ್ತ ತೆಳುವಿನ ಗುಳಿಗೆಗೂ ಇದಕ್ಕೂ ಜಗಳವಿಲ್ಲ. ಎಡವಟ್ಟಾಗುವುದು ಬೇರೆ ಕಡೆ. 60,000 ಯೂನಿಟ್‌ನ ಡಿ ವಾರಕ್ಕೊಮ್ಮೆ ಅಂತ ಬರೆದಿರುತ್ತಾರೆ, ಜನ ದಿನಾ ನುಂಗುತ್ತಾರೆ. ಹಾಗೆ ಮಾಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಸುಸ್ತು, ಕಿಡ್ನಿಗೆ ಪೆಟ್ಟು. ನಾವು ಅದನ್ನು ಗುಳಿಗೆ ಡಬ್ಬಿಯ ರವಿವಾರದ ಮನೆಯಲ್ಲಿ ಮಾತ್ರ ಇಡುತ್ತೇವೆ. ಡಬ್ಬಿಯ ಮಾತು ಬಂತು ಅಂತ ಹೇಳುತ್ತೇನೆ: ಡಾಬಿಗಾಟ್ರಾನ್ ಕ್ಯಾಪ್ಸೂಲ್ ಇಂಥ ಡಬ್ಬಿಯಲ್ಲಿ ಬಿಡಿಸಿ ಇಡಬಾರದು. ಗಾಳಿಯ ತೇವ ಹಿಡಿದು ಕೆಡುತ್ತದೆ. ಅದು ತನ್ನ ಪ್ಯಾಕಿನಲ್ಲೇ ಇರಲಿ.

ಬಿ12 ಮತ್ತು ಬಿ ಕಾಂಪ್ಲೆಕ್ಸ್. ಗುಳಿಗೆ ರೂಪದಲ್ಲಿ ಚಿಂತೆಯಿಲ್ಲ. ಬಿ ಕಾಂಪ್ಲೆಕ್ಸ್ ತಗೊಂಡರೆ ಮೂತ್ರ ಹಳದಿ ಆಗುತ್ತದೆ, ಅದಕ್ಕೆ ಹೆದರಬೇಡಿ. ಆದರೆ ನಮ್ಮ ಕಡೆ ಕೈಕಾಲು ಜೋಮು ಅಂದ ಕೂಡಲೇ ಬಿ12 ಸೂಜಿ ಮಾಡಿಬಿಡುತ್ತಾರೆ. ಅದು ಮಾಂಸಖಂಡಕ್ಕೆ ಹಾಕುವ ಸೂಜಿ. ಐಎನ್‌ಆರ್ ಏರಿದ್ದರೆ ಒಳಗೇ ರಕ್ತ ಸೋರಿ ಗಡ್ಡೆಯಾಗಬಹುದು. "ಗುಳಿಗ್ಯಾಗ ಕೊಡ್ರಿ, ನಾನು ರಕ್ತ ತೆಳುವಿನ ಗುಳಿಗಿ ತಗೋತೀನಿ" ಅಂತ ಮೊದಲೇ ಹೇಳಿ. ಸೂಜಿಯೇ ಬೇಕು ಅಂದರೆ ಇತ್ತೀಚಿನ ಐಎನ್‌ಆರ್ ತೋರಿಸಿ, ಆಮೇಲೆ ಆ ಜಾಗವನ್ನು ತಿಕ್ಕದೆ ಐದು ನಿಮಿಷವಾದರೂ ಒತ್ತಿ ಹಿಡಿಯಿರಿ.

ಕಬ್ಬಿಣ. ಇದರ ಬಗ್ಗೆ ಎರಡು ಮಾತು. ಕಬ್ಬಿಣದ ಗುಳಿಗೆ ತಗೊಂಡರೆ ಮಲ ಕಪ್ಪಾಗುತ್ತದೆ. ಹೊಟ್ಟೆಯೊಳಗೆ ರಕ್ತ ಸೋರಿದರೂ ಮಲ ಕಪ್ಪಾಗುತ್ತದೆ. ಸೋರಿದ್ದಾದರೆ ಡಾಂಬರಿನ ಹಾಗೆ ಅಂಟಂಟು, ಕೆಟ್ಟ ವಾಸನೆ ಇರುತ್ತದೆ. ಗೊತ್ತಾಗದಿದ್ದರೆ ಊಹೆ ಮಾಡುತ್ತ ಕೂರಬೇಡಿ, ತೋರಿಸಿ. ಎರಡನೆಯದು ಇನ್ನೂ ದೊಡ್ಡದು. ರಕ್ತ ತೆಳುವಿನ ಗುಳಿಗೆ ತಗೊಳ್ಳುವವರ ಹಿಮೋಗ್ಲೋಬಿನ್ ಇಳಿದರೆ ಸುಮ್ನೆ ಟಾನಿಕ್ ತಂದು ಕುಡಿಸಬೇಡಿ. ಎಲ್ಲೋ ಸೋರುತ್ತಿದೆಯಾ ಅಂತ ಮೊದಲು ನೋಡಬೇಕು. ಕೊಡದಲ್ಲಿ ತೂತು ಬಿದ್ದಿದ್ದರೆ ಮೇಲಿಂದ ನೀರು ಸುರಿದು ಏನು ಉಪಯೋಗ?

ವಿಟಮಿನ್ ಸಿ 500 ಮಿಲಿಗ್ರಾಂವರೆಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಗ್ರಾಂಗಟ್ಟಲೆ ಬೇಡ.

ಮೀನೆಣ್ಣೆಯ ಕ್ಯಾಪ್ಸೂಲ್ ದಿನಕ್ಕೊಂದು ಬಹಳ ಜನಕ್ಕೆ ನಡೆಯುತ್ತದೆ, ದೊಡ್ಡ ಪ್ರಮಾಣ ರಕ್ತಸ್ರಾವ ಹೆಚ್ಚಿಸಬಹುದು. ಕೇಳಿ ತಗೊಳ್ಳಿ.

ಇನ್ನು ವಿಟಮಿನ್ ಅಲ್ಲದಿದ್ದರೂ ಅದೇ ಕಪಾಟಿನಲ್ಲಿ ಕೂತಿರುವ ಬಳಗ. ಮೊಣಕಾಲಿಗೆ ಕೊಡುವ ಗ್ಲೂಕೋಸಮೈನ್ ವಾರ್ಫರಿನ್ ಜೊತೆ ಐಎನ್‌ಆರ್ ಏರಿಸಿದ ಉದಾಹರಣೆಗಳಿವೆ. ಅರಿಶಿನದ ಕ್ಯಾಪ್ಸೂಲ್, ಬೆಳ್ಳುಳ್ಳಿ ಕ್ಯಾಪ್ಸೂಲ್, ಗಿಂಕೋ ಅನ್ನುವ ಮರದ ಎಲೆಯ ಸಾರ ರಕ್ತಸ್ರಾವದ ಕಡೆ ಎಳೆಯುತ್ತವೆ. ಒಗ್ಗರಣೆಗೆ ಹಾಕುವ ಅರಿಶಿನ, ಚಟ್ನಿಯ ಬೆಳ್ಳುಳ್ಳಿ ಬೇರೆ, ಅದನ್ನೇ ಗಟ್ಟಿ ಮಾಡಿ ಕ್ಯಾಪ್ಸೂಲಿಗೆ ತುಂಬಿದ್ದು ಬೇರೆ. ನೋವಿನ ಗುಳಿಗೆಗಳಾದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಅಂತೂ ಕೇಳದೆ ಮುಟ್ಟಲೇಬೇಡಿ. ಕೆ ಗಿಂತ ಇವೇ ಹೆಚ್ಚು ಜನರನ್ನು ಆಸ್ಪತ್ರೆಗೆ ಕಳಿಸುತ್ತವೇನೋ ಅಂತ ನನಗೆ ಅನಿಸುತ್ತದೆ.

ಹಂತ 5: ಸೊಪ್ಪು ಬಿಡಬೇಡಿ, ಹದ ಬಿಡಬೇಡಿ

"ಸೊಪ್ಪು ಮುಟ್ಟಬ್ಯಾಡ್ರಿ" ಅಂತ ಯಾರೋ ಹೇಳಿದ್ದಕ್ಕೆ ಅವ್ವ ಎರಡು ವರ್ಷ ಮೆಂತ್ಯೆ ಪಲ್ಯ ತಿಂದಿರಲಿಲ್ಲ. ಜೋಳದ ರೊಟ್ಟಿಯ ಪಕ್ಕ ಸೊಪ್ಪಿಲ್ಲದೆ ಊಟ ಮಾಡುವುದು ನಮ್ಮ ಕಡೆಯವರಿಗೆ ಶಿಕ್ಷೆ ಇದ್ದ ಹಾಗೆ. ಅದರ ಅಗತ್ಯವೂ ಇರಲಿಲ್ಲ. ಕೆ ತೀರಾ ಕಡಿಮೆ ತಿನ್ನುವವರ ಐಎನ್‌ಆರ್ ಇನ್ನೂ ಹೆಚ್ಚು ಕುಣಿಯುತ್ತದೆ. ಮೈಯಲ್ಲಿ ಸಂಗ್ರಹವೇ ಇಲ್ಲದಿದ್ದರೆ ಒಂದು ದಿನದ ಪಾಲಕ್ ಕೂಡ ದೊಡ್ಡ ಏರುಪೇರು ಮಾಡುತ್ತದೆ.

ನಮ್ಮಲ್ಲಿ ಆಟ ಆಡಿಸುವುದು ಹಂಗಾಮು. ಎಳ್ಳಮಾಸಿ ಹೊತ್ತಿಗೆ ಸಂತೆ ತುಂಬಾ ಮೆಂತ್ಯೆ, ಪಾಲಕ್, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು. ಹಕ್ಕರಕಿ, ಮೆಂತ್ಯೆಯನ್ನಂತೂ ಹಸಿಯಾಗಿಯೇ ಹೆಚ್ಚಿ ಶೇಂಗಾ ಚಟ್ನಿ, ಮೊಸರು ಕಲಸಿ ತಿನ್ನುತ್ತೇವೆ. ಏಪ್ರಿಲ್ ಬಂತೆಂದರೆ ಒಂದು ಸಿವುಡು ಸೊಪ್ಪಿಗೂ ರೇಟು ಕೇಳಿ ಹಿಂದೆ ಸರಿಯುವ ಕಾಲ. ಸೊಪ್ಪು ಹೆಚ್ಚಾದಾಗ ಐಎನ್‌ಆರ್ ಇಳಿಯುತ್ತದೆ, ಸೊಪ್ಪು ಕಾಣೆಯಾದಾಗ ಏರುತ್ತದೆ. ಅದಕ್ಕೆ ನಮ್ಮಲ್ಲಿ ಒಂದು ಲೆಕ್ಕ ಮಾಡಿಕೊಂಡಿದ್ದೇವೆ: ದಿನಾ ಒಂದು ಸಣ್ಣ ಬಟ್ಟಲು ಸೊಪ್ಪು, ಚಳಿಗಾಲಕ್ಕೂ ಅಷ್ಟೇ, ಬೇಸಿಗೆಗೂ ಅಷ್ಟೇ. ಬದನೆಕಾಯಿ, ಉಳ್ಳಾಗಡ್ಡಿ, ಕಾಳುಪಲ್ಯಕ್ಕೆ ಇಂಥ ಲೆಕ್ಕ ಬೇಡ.

ಎಣ್ಣೆಯ ಮಾತೂ ಇದೆ. ಸೋಯಾ ಎಣ್ಣೆಯಲ್ಲಿ ಕೆ ಜಾಸ್ತಿ. ಶೇಂಗಾ, ಕುಸುಬಿ ಎಣ್ಣೆಯಲ್ಲಿ ಕಡಿಮೆ. ಮನೆಯ ಎಣ್ಣೆ ಬದಲಿಸಿದರೆ ಅದನ್ನೂ ಡಾಕ್ಟರ ಕಿವಿಗೆ ಹಾಕಿ. ನುಗ್ಗೆಸೊಪ್ಪಿನ ಪುಡಿ, ಗೋಧಿಹುಲ್ಲಿನ ಪುಡಿಗಳನ್ನು ನಾನು ಸೊಪ್ಪಿನ ಸಾಲಿಗೆ ಸೇರಿಸುವುದಿಲ್ಲ. ಒಣಗಿಸಿ ಪುಡಿ ಮಾಡಿದ ಮೇಲೆ ಒಂದು ಚಮಚದಲ್ಲಿ ಎಷ್ಟು ಎಲೆ ಇದೆ ಅಂತ ಯಾರು ಎಣಿಸುತ್ತಾರೆ?

ಹಂತ 6: ಶುರು ಮಾಡುವಾಗ ಒಂದೇ, ಆಮೇಲೆ ಪರೀಕ್ಷೆ

ಡಾಕ್ಟರು ಒಪ್ಪಿದ ಮೇಲೂ ಎರಡು ಹೊಸದನ್ನು ಒಟ್ಟಿಗೆ ಶುರು ಮಾಡಬೇಡಿ. ಐಎನ್‌ಆರ್ ಬದಲಾದರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಶುರು ಮಾಡುವ ಮೊದಲು ಒಂದು ಐಎನ್‌ಆರ್, ಶುರು ಮಾಡಿದ ಒಂದು ವಾರದ ಹೊತ್ತಿಗೆ ಇನ್ನೊಂದು, ಮುಂದಿನದು ಡಾಕ್ಟರು ಹೇಳಿದ ಹಾಗೆ. ನಿಲ್ಲಿಸುವಾಗಲೂ ಇದೇ ಕ್ರಮ. ಆಂಟಿಬಯೋಟಿಕ್ ಕೊಟ್ಟರೆ, ಮೂರು ನಾಲ್ಕು ದಿನ ಭೇದಿಯಾದರೆ, ಊಟ ಬಿಟ್ಟರೆ ಆಗಲೂ ಕೇಳಿ, ಬೇಗನೆ ಪರೀಕ್ಷೆ ಬೇಕಾಗಬಹುದು.

ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ. ರಕ್ತ ತೆಗೆಯುವಾಗ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಗೆರೆಯವರೆಗೂ ತುಂಬಿದ್ದಾರಾ ನೋಡಿ. ಕಡಿಮೆ ತುಂಬಿದರೆ ಐಎನ್‌ಆರ್ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಮುಂಡರಗಿ, ಹಾನಗಲ್ಲ ಕಡೆಯಿಂದ ಹುಬ್ಬಳ್ಳಿಗೆ ಬಸ್ಸು ಹಿಡಿದು ಬರುವವರಿಗೆ ಈ ಪರೀಕ್ಷೆಗೆ ಒಂದು ದಿನದ ಕೂಲಿ ಹೋಗುತ್ತದೆ. ಹತ್ತಿರದ ಊರಲ್ಲೇ ನಂಬುವ ಲ್ಯಾಬ್ ಇದ್ದರೆ ಅಲ್ಲೇ ಮಾಡಿಸಿ ವರದಿಯನ್ನು ಫೋನಿನಲ್ಲಿ ಕಳಿಸಬಹುದಾ ಅಂತ ಡಾಕ್ಟರನ್ನು ಕೇಳಿ ನೋಡಿ.

ಒಂದು ನೋಟ್‌ಬುಕ್ ಇಡಿ. ನಮ್ಮದರಲ್ಲಿ ಹೀಗಿದೆ: "ಜನವರಿ 6. ಐಎನ್‌ಆರ್ 2.4. ಸೊಪ್ಪು ಜಾಸ್ತಿ, ಎಳ್ಳಮಾಸಿ ವಾರ. ಗುಳಿಗೆ ಅಷ್ಟೇ." ಒಂದೇ ಸಾಲು ಸಾಕು. ಆ ಸಾಲು ನೋಡಿದ್ದಕ್ಕೇ ಡಾಕ್ಟರು ಪ್ರಮಾಣ ಏರಿಸದೆ "ಸೊಪ್ಪು ಸ್ವಲ್ಪ ಮೊದಲಿನ ಹದಕ್ಕ ತರ್ರಿ, ಹತ್ತು ದಿನಕ್ಕ ನೋಡೋಣ" ಅಂದರು.

ಸಂಜೆ ಗುಳಿಗೆ ಮರೆತರೆ ಅದೇ ದಿನ ನೆನಪಾದಾಗ ತಗೊಳ್ಳಿ. ಮರುದಿನ ನೆನಪಾದರೆ ಬಿಟ್ಟುಬಿಡಿ, ಎರಡು ಸೇರಿಸಿ ನುಂಗಬೇಡಿ. ಇದು ವಾರ್ಫರಿನ್ ಜಾತಿಯ ಲೆಕ್ಕ, ಹೊಸ ಗುಳಿಗೆಗಳದ್ದು ಬೇರೆ, ನಿಮ್ಮ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ಹಂತ 7: ಯಾವಾಗ ಕಾಯಬಾರದು

ಒಸಡಿನಲ್ಲಿ ಪದೇ ಪದೇ ರಕ್ತ, ಕಾರಣವಿಲ್ಲದೆ ನೀಲಿ ಕಲೆ ಕಂಡರೆ ಅದೇ ದಿನ ಡಾಕ್ಟರಿಗೆ ಫೋನ್. ಮೂಗಿನ ರಕ್ತ ಹತ್ತು ನಿಮಿಷ ಒತ್ತಿದರೂ ನಿಲ್ಲದಿದ್ದರೆ, ಮೂತ್ರ ಕೆಂಪಾದರೆ, ಮಲ ಡಾಂಬರಿನಂತಾದರೆ, ರಕ್ತ ವಾಂತಿಯಾದರೆ ತಕ್ಷಣ ಆಸ್ಪತ್ರೆಗೆ. ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾದರೆ ನೋವಿಲ್ಲದಿದ್ದರೂ ಹೋಗಿ. ಹೊರಗೆ ಏನೂ ಕಾಣದೆ ಒಳಗೆ ಸೋರುತ್ತಿರಬಹುದು.

ಐಎನ್‌ಆರ್ ಇಳಿದರೆ ಅಪಾಯ ಬೇರೆ ಥರದ್ದು. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಏಳದಿರುವುದು. ಆಗ 108ಕ್ಕೆ ಕರೆ ಮಾಡಿ, ಕಾಯಬೇಡಿ. ಲೋಹದ ವಾಲ್ವ್ ಇದ್ದವರಿಗೆ ಇನ್ನೊಂದಿದೆ. ಟಿಕ್ ಟಿಕ್ ಸದ್ದು ಮಂದವಾದರೆ ಅಥವಾ ಕೇಳದೇ ಹೋದರೆ, ಜೊತೆಗೆ ಉಸಿರು ಕಟ್ಟಿದರೆ, ವಾಲ್ವಿನ ಮೇಲೆ ಹೆಪ್ಪು ಕೂತಿರಬಹುದು. ನಾನು ರಾತ್ರಿ ಅವ್ವನ ಹತ್ತಿರ ಸುಮ್ನೆ ಕೂರುವುದು ಅದಕ್ಕೇ.

ಹಂತ 8: ಹೇಳುವುದನ್ನು ಚೀಟಿಯಲ್ಲಿ ಬರೆದಿಡಿ

ಹಲ್ಲಿನ ಡಾಕ್ಟರು, ಕಣ್ಣಿನ ಡಾಕ್ಟರು, ಓಣಿಯ ಕ್ಲಿನಿಕ್, ಔಷಧ ಅಂಗಡಿ, ಎಲ್ಲರಿಗೂ ಪ್ರತಿ ಸಲ ಬಾಯಲ್ಲಿ ಹೇಳುವುದು ಆಗದ ಮಾತು. ಅದಕ್ಕೆ ಅಂಗೈಯಷ್ಟು ಕಾರ್ಡು ಮಾಡಿ ಪ್ಲಾಸ್ಟಿಕ್ ಹೊದಿಸಿದ್ದೇನೆ. ಮೇಲೆ ಅವ್ವನ ಹೆಸರು, ಗುಳಿಗೆಯ ಹೆಸರು, ಯಾಕೆ ಅನ್ನುವುದು, ಐಎನ್‌ಆರ್ ಎಷ್ಟರಿಂದ ಎಷ್ಟಿರಬೇಕು. ಕೆಳಗೆ ನನ್ನ ನಂಬರು. ಹಿಂಬದಿಯಲ್ಲಿ ಕೆಂಪು ಪೆನ್ನಿನಲ್ಲಿ ಮೂರು ಸಾಲು: ವಿಟಮಿನ್ ಕೆ ಇರುವ ಗುಳಿಗೆ ಬೇಡ. ನೋವಿನ ಗುಳಿಗೆ ಕೇಳದೆ ಬೇಡ. ಮಾಂಸಖಂಡಕ್ಕೆ ಸೂಜಿ ಬೇಡ.

ಪರ್ಸಿನಲ್ಲಿ ಇಡು ಅಂದರೆ ಅವ್ವ ಕೇಳಲಿಲ್ಲ. ಅವಳು ಅದನ್ನು ಇಟ್ಟುಕೊಂಡದ್ದು ಎಲೆ ಅಡಕಿ ಸಂಚಿಯಲ್ಲಿ. ಅಂಚಿಗೆ ಸ್ವಲ್ಪ ಸುಣ್ಣ ಹತ್ತಿದೆ, ಅಕ್ಷರ ಮಾತ್ರ ಇನ್ನೂ ಓದಲು ಬರುತ್ತವೆ.